ನಮ್ಮ ಮೂಲೆಗೆ ಬಾರದ ಬಸ್ಸು

ಮಾರ್ಚ್ ೩, ಬೆಳಿಗ್ಗೆ

೧. ಬರೆಯುವವನು: ಈ ಮನೆಯ ಹಿರಿಯ. ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಊರಿನವರ ಅರ್ಜಿಗಳನ್ನು ಬರೆದುಕೊಟ್ಟವನು. ಈಗ ವಿಶ್ರಾಂತ.

೨. ವಾಸ: ಎರಡು ರಸ್ತೆ ಕೂಡುವ ಮೂಲೆಯ ಮನೆ.

೩. ಎದುರು ಮನೆ: ಅಕ್ಕನದು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಂದಿನಿಂದ ಕೈಯಲ್ಲಿ ಕೋಲು. ಮಧ್ಯಾಹ್ನ ರಸ್ತೆ ದಾಟಿ ಬರುತ್ತಾಳೆ. ಇಸ್ಪೀಟು, ಚಹಾ, ಜಗಳ — ಇದೇ ಕ್ರಮದಲ್ಲಿ.

೪. ವಿಷಯ: ಸೊಸೆ. ರಸ್ತೆ ಇಂಜಿನಿಯರು. ಅವಳ ಕಚೇರಿಗೆ ಬಣ್ಣ ಹೊಡೆಯುತ್ತಿರುವ ಕಾರಣ ನಮ್ಮ ಊಟದ ಮೇಜೇ ಸದ್ಯದ ಕಚೇರಿ.

ಎಂದಿನಂತೆ ಪತ್ರಿಕೆ ಹಿಡಿದು ಮೇಜಿನ ಬಳಿ ಕುಳಿತೆ. ಓದಲಿಲ್ಲ. ಅವಳ ಕಂಪ್ಯೂಟರಿನ ಪರದೆಯೇ ಕಣ್ಣಿಗೆ ಬೀಳುತ್ತಿತ್ತು. ಕಪ್ಪು ನೆಲ, ಅದರ ಮೇಲೆ ಬಿಳಿ, ಹಸಿರು, ಹಳದಿ ಗೆರೆಗಳು. ಬಹಳ ಹೊತ್ತಿನ ಮೇಲೆ ಹೊಳೆಯಿತು... ನಮ್ಮದೇ ಮೂಲೆ.

"ಹೌದು ಮಾವ, ನಮ್ಮ ಜಂಕ್ಷನ್ನೇ, ಹೊಸದಾಗಿ ಮಾಡ್ತಾ ಇದೀವಿ. ಸಾಹೇಬರಿಗೆ ಮೊದ್ಲೇ ಹೇಳ್ದೆ, ಇದು ನಮ್ಮನೆ ಮುಂದಿಂದು ಅಂತ. ‘ಒಳ್ಳೇದೇ ಆಯ್ತು, ಅಳತೆಗೆ ಓಡಾಡೋದು ತಪ್ತು’ ಅಂದ್ರು."

ಏನನ್ನೋ ಒತ್ತಿದಳು. ಮನೆಗಳೆಲ್ಲ ಮಾಯ.

"ಮನೆ ಎಲ್ಲಿ ಹೋಯ್ತಮ್ಮ?"

"ಮನೆಗಳ ಲೇಯರ್ ಆಫ್ ಮಾಡ್ದೆ ಮಾವ. ರಸ್ತೆ ಮಾತ್ರ ಕಾಣ್ಲಿ ಅಂತ."

ಸದರಿ ಮನೆಯೊಳಗೆ ನಾನು ಚಹಾ ಕುಡಿಯುತ್ತಾ ಕುಳಿತೇ ಇದ್ದೆ.

ಮಾರ್ಚ್ ೫

ಇಂದು ಪರದೆಯ ಮೇಲೆ ಒಂದು ಬಸ್ಸನ್ನು ತಿರುಗಿಸಿದಳು. ಬಸ್ಸೆಂದರೆ ಒಂದು ಉದ್ದನೆಯ ಪೆಟ್ಟಿಗೆ. ಅದು ಮೂಲೆ ಸುತ್ತಿ ಹೋಗುವಾಗ ಗಾಲಿಗಳ ಜಾಡು ಹಿಂದೆ ಉಳಿಯುತ್ತದೆ. ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಹೋಗುವುದೇ ಇಲ್ಲ, ಒಳಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ಇಷ್ಟು ವರ್ಷ ಇದೇ ಕಿಟಕಿಯಲ್ಲಿ ಕುಳಿತು ಲಾರಿಗಳನ್ನು ನೋಡಿದ್ದೇನೆ. ಇದನ್ನು ಕಂಡಿರಲಿಲ್ಲ. ಇನ್ನೊಮ್ಮೆ ಓಡಿಸು ಎಂದೆ. ಮತ್ತೊಮ್ಮೆ ಎಂದೆ.

"ಮನುಷ್ಯರು ಇಲ್ಲವೇ ಇದರಲ್ಲಿ?"

"ಇದಾರೆ ಮಾವ. ಆದ್ರೆ ಅವ್ರು ನಡೆಯಲ್ಲ. ಸುಮ್ನೆ ಶೋಕಿಗೆ ನಿಲ್ಲಿಸೋದು."

ಮಾರ್ಚ್ ೧೧

ನಕ್ಷೆ ಬಡಾವಣೆ ಕಚೇರಿಯ ಸೂಚನಾ ಫಲಕಕ್ಕೆ ಬಿತ್ತು. ಆಕ್ಷೇಪಣೆಗೆ ತಿಂಗಳ ಕೊನೆಯವರೆಗೆ ಅವಕಾಶ. ಅಕ್ಕನಿಗೆ ಮನೆಯಲ್ಲೇ ಪರದೆಯ ಮೇಲೆ ತೋರಿಸಿದೆವು.

"ನಾನು ದಾಟೋ ಜಾಗ ಎಲ್ಲಿ?"

ಸೊಸೆ ಬೆರಳಿಟ್ಟಳು. ಮೂಲೆಯಲ್ಲಿಲ್ಲ. ತಿರುವು ದೊಡ್ಡದಾದ ಕಾರಣ, ಅದು ಮುಗಿಯುವ ಕಡೆಗೆ, ಪಶುವೈದ್ಯರ ಮನೆಯನ್ನೂ ದಾಟಿದ ಮೇಲೆ ಬಿಳಿ ಪಟ್ಟೆ. ಮೂಲೆಯಲ್ಲಿ ಯಾರೂ ದಾಟದಂತೆ ಉದ್ದಕ್ಕೂ ಕಂಬಿ.

"ಅಲ್ಲಿಗೆ ಹೋಗಿ, ದಾಟಿ, ಮತ್ತೆ ಇಷ್ಟೂ ವಾಪಸ್ ಬರ್ಬೇಕಾ? ಇವನ ಮುಖ ನೋಡೋಕೆ? ಅಷ್ಟು ನಡೆದ್ರೆ ಪಶುವೈದ್ಯರ ಹತ್ರಾನೇ ಮಂಡಿ ತೋರಿಸ್ಕೊಂಡು ಮನೆಗೆ ಹೋಗ್ತೀನಿ."

ನಕ್ಕೆವು. ಸೊಸೆ ನಗಲಿಲ್ಲ.

ಮಾರ್ಚ್ ೧೪

ಎರಡು ದಿನ ಬರೆಯಲು ಮನಸ್ಸಾಗಲಿಲ್ಲ.

ಮೊನ್ನೆ ಅಕ್ಕ ತಾನೇ ಪರೀಕ್ಷೆ ಮಾಡಿ ನೋಡಿದಳು. ಪಟ್ಟೆ ಬರಲಿರುವ ಜಾಗದ ಕಡೆಗೆ ಕೋಲೂರಿಕೊಂಡು ಹೊರಟಳು. ಕಿಟಕಿಯಿಂದ ನೋಡುತ್ತಿದ್ದೆ. ಅರ್ಧ ದಾರಿಯಲ್ಲೇ ಒಂದು ಮೆಟ್ಟಿಲಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ತನ್ನ ಮನೆಗೇ ಹಿಂತಿರುಗಿದಳು. ಈಗಿರುವ ದಾರಿಯಲ್ಲಾದರೂ ಬರಬಹುದಿತ್ತು. ಬರಲಿಲ್ಲ. ನಿನ್ನೆಯೂ ಇಲ್ಲ. ಇಸ್ಪೀಟಿನ ಕಟ್ಟು ಮೇಜಿನ ಮೇಲೆ ಹಾಗೇ ಇದೆ. ಒಬ್ಬನೇ ಆಡಿದೆ. ಮೋಸ ಮಾಡುವವರಿಲ್ಲದ ಆಟದಲ್ಲಿ ಸ್ವಾರಸ್ಯವಿಲ್ಲ.

ಮಾರ್ಚ್ ೧೫

ತಿರುವು ಅಷ್ಟು ದೊಡ್ಡದು ಏಕೆ? ಕೇಳಿದೆ. ತಕರಾರಲ್ಲ, ತಿಳಿಯುವ ಆಸೆ.

"ಉದ್ದದ ಬಸ್ಸು ತಿರುಗ್ಬೇಕಲ್ಲ ಮಾವ. ಅದಕ್ಕೆ ಅಷ್ಟು ಜಾಗ..." ಎಂದವಳು ಅಲ್ಲಿಗೇ ನಿಂತಳು. ಕಿಟಕಿಯ ಕಡೆ ನೋಡಿದಳು. ಪರದೆ ನೋಡಿದಳು.

"ಅಯ್ಯೋ. ಈ ರಸ್ತೆಗೆ ಯಾವ ಬಸ್ಸು?"

ಬಸ್ ನಿಲ್ದಾಣದ ಬಳಿಯ ಹಿಂದಿನ ಕೆಲಸದ ಫೈಲನ್ನೇ ತೆರೆದು, ಅದರ ಮೇಲೆಯೇ ನಮ್ಮ ಮೂಲೆಯನ್ನು ಬರೆಯಲು ಹಿಡಿದಿದ್ದಳಂತೆ. ಗೆರೆಗಳೆಲ್ಲ ಹೊಸವು. ಬಸ್ಸು ಮಾತ್ರ ಹಳೆಯದು, ಹಾಗೇ ಉಳಿದುಬಿಟ್ಟಿತ್ತು.

ಹಳೆಯ ಅರ್ಜಿ ಎದುರಿಗಿಟ್ಟುಕೊಂಡು ಹೊಸದನ್ನು ನಕಲು ಮಾಡುವ ನಮ್ಮ ಕಸುಬಿನಲ್ಲಿ ಇದಕ್ಕೆ ‘ಬಾಲ’ ಎನ್ನುತ್ತೇವೆ. ಬಾಲ ಯಾರಿಗೂ ತಪ್ಪಿದ್ದಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಆ ಬಸ್ಸನ್ನು ತೆಗೆದು ಅಗ್ನಿಶಾಮಕದ ಗಾಡಿಯನ್ನು ತಿರುಗಿಸಿದಳು. ಕಸದ ಲಾರಿಯನ್ನು ತಿರುಗಿಸಿದಳು. ಮೂಲೆಯನ್ನು ಒಳಕ್ಕೆ ಎಳೆದು ಮತ್ತೆ ತಿರುಗಿಸಿದಳು. ಎರಡೂ ಪಾದಚಾರಿ ದಾರಿಯ ಕಲ್ಲಂಚಿಗೆ ತಾಗದೆ ಹೋದವು. ಪಟ್ಟೆ ಮೆಲ್ಲಗೆ ಮೂಲೆಗೆ ಬಂತು. ಅಕ್ಕನ ಬಾಗಿಲಿನ ನೇರಕ್ಕೆ.

ಕೂಡಲೇ ಸಾಹೇಬರಿಗೆ ಫೋನು ಮಾಡಿ ತಪ್ಪು ತನ್ನದೆಂದು ಹೇಳಿದಳು. ಫಲಕಕ್ಕೆ ಬಿದ್ದ ನಕ್ಷೆಯಲ್ಲಿ ಕಚೇರಿಯವರು ತಾವಾಗಿ ಗೆರೆ ಅಲ್ಲಾಡಿಸುವಂತಿಲ್ಲವಂತೆ. ನಿವಾಸಿಗಳು ಯಾರಾದರೂ ಬರೆದುಕೊಟ್ಟರೆ, ಮೇಲಿನವರು ನೋಡಿ ತೀರ್ಮಾನಿಸುತ್ತಾರೆ.

"ಅರ್ಜಿಯಲ್ಲಿ ನಿನ್ನ ತಪ್ಪನ್ನು ಬರೆಯಬೇಕಾಗುತ್ತದಲ್ಲಮ್ಮ?"

"ಬರೀರಿ ಮಾವ. ಗೆರೆ ಎಳೆದೋಳು ನಾನೇ ತಾನೇ."

ಮಾರ್ಚ್ ೧೬

ಅಕ್ಕನ ಹೆಸರಿನಲ್ಲಿ ಅರ್ಜಿ ಸಿದ್ಧಪಡಿಸಿ, ಕೊಂಡೊಯ್ದು ಓದಿದೆ. ನಾನು ಬರೆದ ಉತ್ತಮ ಅರ್ಜಿಗಳಲ್ಲಿ ಒಂದು. ಪೂರ್ತಿ ಕೇಳಿದಳು.

"ಚೆನ್ನಾಗಿದೆ. ನಾನು ಸಹಿ ಹಾಕಲ್ಲ."

"ಯಾಕೆ?"

"ನಂಗೇನು ಕಷ್ಟ? ಮನೇಲೇ ಕೂತಿರ್ತೀನಿ, ಟೀವಿ ಇದೆ. ನಾನು ಅಲ್ಲಿಗೆ ಬರ್ದೇ ಇದ್ರೆ ಕಷ್ಟ ನಿಂದು. ಅರ್ಜಿ ಸಾಹೇಬ್ರು ಊರೋರಿಗೆಲ್ಲ ಬೇಡಿದ್ದಾಯ್ತು. ಒಂದ್ಸಲ ನಿಂಗೇ ಅಂತ ಬೇಡು, ನೋಡೋಣ."

"ನಾನು ಬರೆಯುವವನು ಅಕ್ಕ. ಬೇಡುವವನಲ್ಲ."

"ಹಾಗಾದ್ರೆ ಒಬ್ನೇ ಆಡ್ಕೋ ಇಸ್ಪೀಟು."

ಎದ್ದು ಬಂದೆ.

ನನ್ನ ಸಹಿ ಯಾವ ಅರ್ಜಿಯ ಕೆಳಗೂ ಬಿದ್ದಿಲ್ಲ ಎಂಬುದು ನನ್ನ ಅಭಿಮಾನ. ಅವಳಿಗದು ಗೊತ್ತು. ಗೊತ್ತಿದ್ದೇ ಹಟ ಹಿಡಿದಿದ್ದಾಳೆ.

ಮಾರ್ಚ್ ೨೪

ಮೇಜಿನ ಮೇಲೆ ಒಂದು ಹಾಳೆ ಇತ್ತು. ತಿದ್ದಿದ ನಕ್ಷೆಯ ಪ್ರತಿ. ಸೊಸೆ ಇಟ್ಟುಹೋಗಿದ್ದಳು. ಬಿಳಿ ಪಟ್ಟೆಯ ಮೇಲೆ ಒಂದು ಪುಟ್ಟ ಆಕೃತಿ, ಕೈಯಲ್ಲಿ ಕೋಲು. ಶೋಕಿಗೆ ನಿಂತದ್ದಲ್ಲ, ಪಕ್ಕದಲ್ಲಿ ಒಂದು ಬಾಣದ ಗುರುತೂ ಇದೆ. ನಮ್ಮ ಬಾಗಿಲಿನ ಕಡೆಗೆ.

ಮಾರ್ಚ್ ೨೮, ಮಧ್ಯಾಹ್ನ

ಕರಡು.

ಮಾನ್ಯರಲ್ಲಿ ಅರಿಕೆ.

೧. ಅರ್ಜಿದಾರನು ಸದರಿ ಮೂಲೆಯ ನಿವಾಸಿ.

೨. ಸದರಿ ನಕ್ಷೆಯಲ್ಲಿ ತಿರುವನ್ನು ಈ ರಸ್ತೆಗೆ ಬಾರದ ಬಸ್ಸಿನ ಅಳತೆಗೆ ಎಳೆಯಲಾಗಿದೆ. ಎಳೆದವರು ಅರ್ಜಿದಾರನ ಸೊಸೆ. ತಪ್ಪನ್ನು ಕಂಡುಹಿಡಿದು ಒಪ್ಪಿಕೊಂಡವರೂ ಅವರೇ.

೩. ಈ ಅರ್ಜಿಯು ಅನ್ಯರ ಪರವಾಗಿ ಬರೆದದ್ದಲ್ಲ.

೪. ಆದ ಕಾರಣ ಪಟ್ಟೆಯನ್ನು ಮೂಲೆಗೇ ತರಬೇಕೆಂದು ಬೇಡಿಕೊಳ್ಳುತ್ತೇನೆ. ಅಕ್ಕ ಪ್ರತಿದಿನ ನಮ್ಮ ಮನೆಗೆ ಬರುವುದು, ಬಂದು ಜಗಳವಾಡುವುದು ನನಗೆ...

ಸಹಿ: ಅರ್ಜಿದಾರ, ಸ್ವಂತಕ್ಕೆ.

ಲಗತ್ತು: ನಕ್ಷೆ ಒಂದು. ಕೋಲು ಹಿಡಿದವರು ಸಹಿತ.