ಗುರವ್ವನ ಮಾತ್ರೆ ಕಟ್ಟಿದ ಹಾಳೆ

ಬ್ಯಾಡಗಿ, 2171ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ಡಾಕ್ಟರ್ ಶಿವಯೋಗಪ್ಪ ಹಲಗೇರಿಯವರಿಗೆ,

ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು, ಎಲ್ಲಾದರೂ ತೊದಲಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಾನೂ ಇದೇ ಊರಿನ ಫ್ಯಾಮಿಲಿ ಡಾಕ್ಟರು, ಹೆಸರು ಇಂಚರಾ. ನಿಮ್ಮಲ್ಲಿಗೆ ಬಿ.ಪಿ. ತೋರಿಸಲು ಬರುವ, ಮೆಣಸಿನಕಾಯಿ ತೊಟ್ಟು ಬಿಡಿಸುವ ಗುರವ್ವನ ಆರನೆಯ ತಲೆಮಾರಿನವಳು.

ನಮ್ಮ ದವಾಖಾನೆಗಳಲ್ಲಿ ‘ತಿದ್ದುಗಂಟೆ’ ಎಂದೊಂದಿದೆ. ಬೆಳಿಗ್ಗೆ ಮೊದಲ ತಾಸು ಯಾರ ನಾಡಿಯನ್ನೂ ಹಿಡಿಯುವಂತಿಲ್ಲ. ಹೊಸ ಸಂಶೋಧನೆ ಏನು ಹೇಳಿದೆ, ಯಾವ ಔಷಧ ಬಿಡಬೇಕು ಎಂಬುದನ್ನು ಕಾಯುತ್ತ ಕೂತವರ ಮುಂದೆ ಗಟ್ಟಿಯಾಗಿ ಓದಬೇಕು. ಮುದುಕಿಯರು ಬುತ್ತಿ ಬಿಚ್ಚಿಕೊಂಡೇ ಕೇಳುತ್ತಾರೆ, ಅಡ್ಡಪ್ರಶ್ನೆ ಹಾಕುತ್ತಾರೆ. ಹಾಗಾದರೆ ಹೋದ ವಾರ ನನಗೆ ಕೊಟ್ಟದ್ದು ತಪ್ಪೋ ಎಂದು ಒಬ್ಬಳು ಕೇಳಿದರೆ, ಹೌದು ತಾಯಿ, ತಪ್ಪು ಎನ್ನಬೇಕು. ಈ ರೂಢಿ ಹುಟ್ಟಿದ್ದು ನಿಮ್ಮಂಥವರಿಂದಲೇ.

ನಿಮ್ಮ ಮೇಜಿನ ಕೆಳಗೆ ವೈದ್ಯಪತ್ರಿಕೆಗಳ ರಾಶಿ ಇದೆಯಲ್ಲ? ದಿನಕ್ಕೆ ನೂರಿಪ್ಪತ್ತು ರೋಗಿಗಳು, ಓದಲು ಪುರುಸೊತ್ತಿಲ್ಲ, ಒಪ್ಪಿದೆ. ಅವುಗಳ ಪ್ಲಾಸ್ಟಿಕ್ ಕವರು ಒಡೆಯುವವನು ನಿಮ್ಮ ಕಂಪೌಂಡರ್ ಬಸಪ್ಪ. ಹಾಳೆ ಹರಿದು ಮಾತ್ರೆಯ ಪೊಟ್ಟಣ ಕಟ್ಟುತ್ತಾನೆ.

ನಿಮಗಿನ್ನೂ ಆಗದ, ನಮಗೆ ಆಗಿಹೋದ ಸಂಗತಿ ಹೇಳುತ್ತೇನೆ. ಎಪ್ಪತ್ತೆರಡರ ಗುರವ್ವನಿಗೆ ಹೃದಯದ ಕಾಯಿಲೆ ಇರಲಿಲ್ಲ. ಮುಂದೆ ಬಾರದಿರಲೆಂದು ನೀವು ದಿನಕ್ಕೊಂದು ಆಸ್ಪಿರಿನ್ ಬರೆದಿರಿ. ಅದನ್ನು ಕಟ್ಟಿಕೊಟ್ಟ ಹಾಳೆ ನಮ್ಮ ಮನೆಯಲ್ಲಿ ಇನ್ನೂ ಇದೆ. ಅದರಲ್ಲೇ ಅಚ್ಚಾಗಿದೆ: ಹೃದ್ರೋಗವಿಲ್ಲದ ವೃದ್ಧರಿಗೆ ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ಶುರುಮಾಡಬೇಡಿ, ಲಾಭಕ್ಕಿಂತ ರಕ್ತಸ್ರಾವದ ಭಯವೇ ಹೆಚ್ಚು. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಹೊಟ್ಟೆ ಉರಿಯೆಂದು ನರಳುವಾಗ ಮಗಳು ಆ ಮಾತ್ರೆ ಬಿಡು ಎಂದರೆ, “ನಮ್ಮ ಡಾಕ್ಟರು ಓದಿದಾವ್ರು, ಸುಮ್ನ ಕೊಡ್ತಾರೇನ?” ಎಂದಳಂತೆ ಗುರವ್ವ. ಮಾತ್ರೆ ಶುರುಮಾಡಿದ ಮೂರನೆಯ ತಿಂಗಳು ರಕ್ತ ಕಾರಿ ಸತ್ತಳು. ಓದಿದವರು!

ಈ ಪತ್ರ ನಿಮಗೆ ತಲುಪುವುದು ಸೋಮವಾರ. ಗುರವ್ವ ಬರುವುದು ಗುರುವಾರ. ನೆರೆಮನೆಯವಳಿಗೆ ಕೊಟ್ಟೀರಂತ, ನನಗೂ ಎದಿಗೆ ಏನರೆ ಕೊಡ್ರಿ ಎಂದು ಕೇಳುತ್ತಾಳೆ. ಅಷ್ಟರೊಳಗೆ ಬಸಪ್ಪನ ಕೈಯಿಂದ ಆ ಹಾಳೆಯಿರುವ ಸಂಚಿಕೆ ಕಸಿದುಕೊಳ್ಳಿ, ಒಂದೇ ಒಂದು ಪುಟ ಓದಿ. ಆಮೇಲೆ ಅವಳ ಮುಖ ನೋಡಿ, ಬೇಡವ್ವಾ, ನಾನು ಓದಿದೆ ಎನ್ನಿ.