ಕದಲದವಳ ವಲಸೆ ಪತ್ರ

ಮಾನ್ಯ ಕುಲಸಚಿವರೇ,

ಕೊಳ್ಳೇಗಾಲ ತಾಲ್ಲೂಕು ಬಿಟ್ಟು ಒಂದು ದಿನವೂ ಬೇರೆ ಕಡೆ ವಾಸ ಮಾಡದ ಹೆಣ್ಣುಮಗಳೊಬ್ಬಳು ಪರರಾಜ್ಯದಿಂದ ವಲಸೆ ಬಂದವಳೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಅದಕ್ಕೆ ವಲಸೆ ಪ್ರಮಾಣಪತ್ರ ತಂದ ಹೊರತು ಬರುವ ತಿಂಗಳ ಪಿ.ಯು.ಸಿ. ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಪಟ್ಟು ಹಿಡಿದು, ಎಂಟು ತಿಂಗಳಲ್ಲಿ ನಾಲ್ಕು ಕಾಗದ ಬರೆದಿದೆ. ನಾಲ್ಕಕ್ಕೂ ಅವಳ ಪರವಾಗಿ ಮರ್ಯಾದೆಯ ಉತ್ತರ ಬರೆದವನು ನಾನು. ಇದೊಂದನ್ನು ಊರವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಆಕೆಯ ಹೆಸರು ಪುಟ್ಟಗೌರಮ್ಮ. ಮುಳ್ಳೂರಿನಲ್ಲಿ ಹಿಪ್ಪುನೇರಳೆ ಬೆಳೆಯುವ ನಿಂಗಯ್ಯನ ಮಗಳು. 1956ರ ಮಾರ್ಚಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ಆಗ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಅವಳ ಅಂಕಪಟ್ಟಿಯ ಮೇಲೆ ಮದರಾಸಿನ ಮೊಹರು ಬಿತ್ತು. ಅದೇ ವರ್ಷ ನವೆಂಬರ್ ಒಂದರಂದು ತಾಲ್ಲೂಕು ಮೈಸೂರು ರಾಜ್ಯದ್ದಾಯಿತು. ಆ ಬೆಳಿಗ್ಗೆ ಇಲ್ಲಿನ ಅಂಚೆ ಕಚೇರಿಯಲ್ಲಿ ಟಪಾಲು ಚೀಲ ಬಿಚ್ಚಿದವನು ನಾನೇ. ಲಕೋಟೆಗಳ ಮೇಲಿನ ಜಿಲ್ಲೆಯ ಹೆಸರು ಮಾತ್ರ ಹಳತಾಗಿತ್ತು. ಬೀದಿ, ಬಾವಿ, ಮಗ್ಗ, ಜಗಳ ಎಲ್ಲವೂ ಹಿಂದಿನ ಸಂಜೆ ಬಿಟ್ಟಲ್ಲೇ ಇದ್ದವು. ಪಕ್ಕದ ಯಳಂದೂರು ಮೊದಲಿನಿಂದಲೂ ಮೈಸೂರಿನದು. ಅಲ್ಲಿ ಅದೇ ವರ್ಷ ಪಾಸಾದವರನ್ನು ತಾವು ಏನೂ ಕೇಳುವುದಿಲ್ಲ. ಹತ್ತು ಹನ್ನೆರಡು ಮೈಲಿ ಆಚೆಗೆ ಹುಟ್ಟುವಷ್ಟು ಮುಂದಾಲೋಚನೆ ಪುಟ್ಟಗೌರಮ್ಮನಿಗೆ ಇರಬೇಕಿತ್ತೇನೋ.

ತಮ್ಮದು ಚಿಕ್ಕ ವಿಶ್ವವಿದ್ಯಾನಿಲಯ. ಚಿಕ್ಕದಾದ್ದರಿಂದಲೇ ಒಬ್ಬೊಬ್ಬ ವಿದ್ಯಾರ್ಥಿಯ ಕಷ್ಟಸುಖವೂ ತಮಗೆ ತಿಳಿದಿರುತ್ತದೆಂದು ತಮ್ಮ ಕೈಪಿಡಿಯ ಮೊದಲ ಪುಟ ಹೇಳುತ್ತದೆ. ಮೂರನೆಯ ಪುಟದಲ್ಲಿ ಚರ್ಚಾಕೂಟ, ನಾಟಕ ಸಂಘ, ಟೆನಿಸ್ ಅಂಗಳ, ವಾಚನಾಲಯಗಳಿವೆ. ಕಳೆದ ಜೂನಿನಲ್ಲಿ ತಾವು ನಮ್ಮೂರಿನಲ್ಲಿ ತೆರೆದ ಕಾಲೇಜಿನಲ್ಲಿ ಏನಿದೆ ಎಂಬುದನ್ನು ನಾನು ಹೇಳುತ್ತೇನೆ. ಪ್ರಾಥಮಿಕ ಶಾಲೆಯ ಕಟ್ಟಡ, ಅದೂ ಬೆಳಿಗ್ಗೆ ಏಳರಿಂದ ಹತ್ತರವರೆಗೆ. ವಾಚನಾಲಯವೆಂದರೆ ಒಂದು ಬೀರು. ಬೀಗದ ಕೈ ತಮ್ಮ ಕಚೇರಿಯಲ್ಲೇ ಉಳಿದಿದೆ, ಬಾಗಿಲು ಗಾಜಿನದಾದ್ದರಿಂದ ಪುಸ್ತಕಗಳ ಹೆಸರನ್ನಾದರೂ ಓದಬಹುದು. ಬೆಂಚುಗಳು ಎಂಟು ವರ್ಷದ ಮಕ್ಕಳ ಅಳತೆಯವು. ಹನೂರಿನಿಂದ ಮೊದಲ ಬಸ್ಸಿಗೆ ಬರುವ ನೀಳಕಾಲಿನ ಹುಡುಗರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ತರ್ಕಶಾಸ್ತ್ರ ಕೇಳುತ್ತಾರೆ. ಆದರೂ ಅವರು ಬರುತ್ತಾರೆ, ಬಸ್ಸು ಕೆಟ್ಟರೆ ತರಕಾರಿ ಲಾರಿ ಹತ್ತಿ ಬರುತ್ತಾರೆ. ಮೂವತ್ತೊಂದು ಮಂದಿಗೆ ಅದು ಕಾಲೇಜು.

ಪುಟ್ಟಗೌರಮ್ಮ ಅದೇ ಕಟ್ಟಡದಲ್ಲಿ ಹತ್ತು ವರ್ಷದಿಂದ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದಾಳೆ. ಮುಂದೆ ಓದಬೇಕೆಂಬ ಆಸೆ ಆಗಲೇ ಇತ್ತು. ಕಾಲೇಜಿದ್ದದ್ದು ಮೈಸೂರಿನಲ್ಲಿ, ಮಗಳನ್ನು ಅಷ್ಟು ದೂರ ಬಿಡಲು ನಿಂಗಯ್ಯನಿಗೆ ಧೈರ್ಯ ಬರಲಿಲ್ಲ. ಕಾಲೇಜೇ ಊರಿಗೆ ಬಂದ ದಿನ ಮೊದಲ ಅರ್ಜಿ ಅವಳದು. ಹತ್ತು ಗಂಟೆಯವರೆಗೆ ಬೆಂಚಿನಲ್ಲಿ ಕೂರುತ್ತಾಳೆ. ಹತ್ತೂವರೆಗೆ ಅದೇ ಬೆಂಚಿನ ಮುಂದೆ ನಿಲ್ಲುತ್ತಾಳೆ. ತರ್ಕಶಾಸ್ತ್ರದ ಅಧ್ಯಾಪಕ ಶಿವನಂಜಯ್ಯನವರು ಉಳಿದ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು ಹೋಗುತ್ತಾರೆ. ಅವಳ ಶಿಷ್ಯರು ಬೇಗನೆ ಬಂದು ಕಿಟಕಿಗೆ ಜೋತುಬೀಳುತ್ತಾರೆ, ತಮ್ಮ ಮಿಸ್ಸನ್ನು ಯಾರಾದರೂ ಪ್ರಶ್ನೆ ಕೇಳುವ ಭಾಗ್ಯ ನೋಡಲು. ಒಮ್ಮೆ ಅವಳು ಉತ್ತರಕ್ಕೆ ತಡವರಿಸಿದಾಗ ಹೊರಗಿನಿಂದ ಸಲಹೆ ಬಂತಂತೆ: “ಬೆಂಚ್ ಮ್ಯಾಲೆ ನಿಲ್ಸಿ ಸಾ. ನಮ್ಮುನ್ನ ಅಂಗೇ ನಿಲ್ಲುಸ್ತಾರೆ.” ಶಿವನಂಜಯ್ಯನವರು ಬಹಳ ಹೊತ್ತು ಕರಿಹಲಗೆಯ ಕಡೆಗೇ ತಿರುಗಿ ನಿಂತಿದ್ದರೆಂದು ಕೇಳಿದ್ದೇನೆ. ಕೈಪಿಡಿಯಲ್ಲಿಲ್ಲದ ಇಂಥ ವಿದ್ಯಾರ್ಥಿ ಜೀವನವನ್ನು ಆಕೆ ಎಂಟು ತಿಂಗಳು ಒಂದು ದಿನವೂ ತಪ್ಪದೆ ನಡೆಸಿದ್ದಾಳೆ.

ಈಗ ತಮ್ಮ ಕಾಗದಗಳ ವಿಚಾರ. ಮೊದಲನೆಯದು ವಲಸೆ ಪ್ರಮಾಣಪತ್ರ ಕೇಳಿತು. ಮದರಾಸಿನ ಪರೀಕ್ಷಾ ಕಚೇರಿಗೆ ಬರೆದೆವು. ಆಕೆ ಮದರಾಸು ರಾಜ್ಯ ಬಿಟ್ಟುಹೋದ ದಾಖಲೆ ಅಲ್ಲಿಲ್ಲ, ಹೋಗದವರಿಗೆ ಹೋದರೆಂದು ಬರೆದುಕೊಡಲಾಗದು ಎಂದು ಅವರು ತಿಳಿಸಿದರು. ನ್ಯಾಯವಾದ ಮಾತು. ಅದನ್ನು ತಮಗೆ ಕಳಿಸಿದೆವು. ತಮ್ಮ ಎರಡನೆಯ ಕಾಗದದ ಜೊತೆ ಒಂದು ನಮೂನೆ ಬಂತು: ರಾಜ್ಯ ಬಿಟ್ಟ ದಿನ, ಪ್ರಯಾಣ ಮಾಡಿದ ವಾಹನ, ಬಿಟ್ಟ ಕಾರಣ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಬಸ್ಸು ಎಂದು ಬರೆದು ಮುಗಿಸಿಬಿಡೋಣವೆಂದು ಪುಟ್ಟಗೌರಮ್ಮ ಹೇಳಿದಳು. ನಾನು, ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯಬಾರದೆಂದು ಬುದ್ಧಿ ಹೇಳಿ, ದಿನ 1-11-1956, ವಾಹನ ಇಲ್ಲ, ಕಾರಣ ರಾಜ್ಯಗಳ ಪುನರ್ವಿಂಗಡಣೆ ಎಂದು ತುಂಬಿಸಿದೆ. ಮೂವತ್ತು ವರ್ಷ ಕಾಲಂ ತುಂಬಿದ ನನಗೆ ಕಾಲಂ ಓದುವವರ ಸ್ವಭಾವ ತಿಳಿದಿರಬೇಕಿತ್ತು. ನಾಡು ಹಂಚಿಹೋದಾಗ ವಾಹನವೂ ಸಿಗದೆ ನಡೆದು ಬಂದ ನಿರಾಶ್ರಿತಳೆಂದು ತಮ್ಮವರು ಬಗೆದರು. ಮೂರನೆಯ ಕಾಗದ ಬಹಳ ಅನುಕಂಪದಿಂದ ಕೂಡಿತ್ತು. ಯಾವ ಶಿಬಿರದಲ್ಲಿದ್ದೀರಿ, ಕಳೆದುಕೊಂಡ ಆಸ್ತಿ ಯಾವುದು, ಶಿಬಿರಾಧಿಕಾರಿಯ ರುಜು ಎಲ್ಲಿ ಎಂದು ಕೇಳಿತ್ತು.

ಕಾಗದದಿಂದ ಆಗದ್ದು ಬಾಯಿಮಾತಿನಿಂದ ಆದೀತೆಂದು ಡಿಸೆಂಬರಿನಲ್ಲಿ ನಿಂಗಯ್ಯನನ್ನು ಕರೆದುಕೊಂಡು ತಮ್ಮ ಕಚೇರಿಗೇ ಬಂದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. ಮದರಾಸು ರಾಜ್ಯದಿಂದ ಬಂದದ್ದು ಯಾವಾಗ ಎಂದು ನಿಂಗಯ್ಯನನ್ನು ವಿಚಾರಿಸಿದರು. ಅವನು ಟವೆಲನ್ನು ಹೆಗಲಿನಿಂದ ತೆಗೆದು ಮಂಡಿಯ ಮೇಲೆ ಹಾಸಿಕೊಂಡು ನಿಧಾನವಾಗಿ ಹೇಳಿದ: “ನಾವೆಲ್ಲೂ ಓಗಿಲ್ಲ ಸಾ, ಎಲ್ಲಿಂದ್ಲೂ ಬಂದೂ ಇಲ್ಲ. ಎದ್ದೋಗಿರದು ರಾಜ್ಯ. ಸರ್ಟಿಫಿಕೇಟ ಅದುನ್ನೇ ಕೇಳಿ.” ಗುಮಾಸ್ತರು ಅದನ್ನು ಬರೆದುಕೊಂಡರು. ಜನವರಿಯಲ್ಲಿ ತಮ್ಮ ನಾಲ್ಕನೆಯ ಕಾಗದ ಬಂತು: ಅಭ್ಯರ್ಥಿಯ ತಂದೆಯೇ ವಲಸೆಯನ್ನು ನಿರಾಕರಿಸಿರುವುದರಿಂದ ಪ್ರಕರಣ ಇನ್ನಷ್ಟು ಪರಿಶೀಲನೆಯಲ್ಲಿದೆ.

ಸ್ವಾಮಿ, ಇದೇ ಲೆಕ್ಕದಲ್ಲಿ ಕೌದಳ್ಳಿಯಿಂದ ಕೊಳ್ಳೇಗಾಲದವರೆಗೆ ಹತ್ತು ವರ್ಷ ದಾಟಿದ ಪ್ರತಿಯೊಬ್ಬರೂ ವಲಸಿಗರಲ್ಲವೇ? ನಮ್ಮ ಹುಣಸೆಮರಗಳು ಯಾವ ವಾಹನದಲ್ಲಿ ಬಂದವೆಂದು ಬರೆಯಲಿ? ತರ್ಕಶಾಸ್ತ್ರವನ್ನು ತಾವು ಮೂವತ್ತೊಂದು ಮಕ್ಕಳಿಗೆ ಕಲಿಸುತ್ತಿದ್ದೀರಿ, ತಮ್ಮ ಕಚೇರಿಯವರಿಗೂ ಬೆಳಗಿನ ತರಗತಿ ಇಡಬಾರದೇ?

ಇಷ್ಟಾಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕಳೆದ ಮಂಗಳವಾರ ತಮ್ಮ ಪರೀಕ್ಷಾ ವಿಭಾಗದಿಂದ ಪುಟ್ಟಗೌರಮ್ಮನ ಹೆಸರಿಗೆ ಲಕೋಟೆಯೊಂದು ಬಂತು. ಉಳಿದ ಮೂವತ್ತು ಮಂದಿಗೆ ಹಾಲ್ ಟಿಕೆಟ್ ಬಂದ ಮರುದಿನ ಅದು. ಬಿಡಿಸಲು ಧೈರ್ಯವಿಲ್ಲದೆ ನನ್ನ ಮನೆಗೆ ತಂದಳು. ನಾನು ಬಿಡಿಸಿದೆ. ಕಾಲೇಜಿನಲ್ಲಿ ಅಧ್ಯಾಪಕರ ಸಂಖ್ಯೆ ಸಾಲದ್ದರಿಂದ ಅದೇ ಶಾಲೆಯ ಉಪಾಧ್ಯಾಯರನ್ನು ಪರೀಕ್ಷಾ ಕೊಠಡಿಗಳ ಮೇಲ್ವಿಚಾರಕರನ್ನಾಗಿ ನೇಮಿಸಲಾಗಿದೆ; ಶ್ರೀಮತಿ ಪುಟ್ಟಗೌರಮ್ಮನವರು ನಂಬಿಕೆಗೆ ಅರ್ಹರಾದ್ದರಿಂದ ಎರಡನೇ ಕೊಠಡಿಯಲ್ಲಿ ಪಿ.ಯು.ಸಿ. ಪ್ರಶ್ನೆಪತ್ರಿಕೆಗಳನ್ನು ಹಂಚಿ, ಮೂರು ಗಂಟೆ ಕಾವಲಿರತಕ್ಕದ್ದು. ಕೆಳಗೆ ತಮ್ಮ ರುಜು. ಆಕೆಗೆ ಮದುವೆಯಾಗಿಲ್ಲ ಎಂಬುದು ಹಾಗಿರಲಿ, ಎಲ್ಲಿಂದ ಬಂದವಳೆಂದು ಈ ಸಲ ಯಾರೂ ಕೇಳಿರಲಿಲ್ಲ.

ಅವಳು ಆ ಆಜ್ಞೆಯನ್ನು ಎರಡು ಸಲ ಓದಿ, ಮಡಿಸಿ, ಹೇಳಿದ್ದು ಇಷ್ಟೇ: “ಓದಿರೋಳೂ ನಾನೇ, ಪೇಪರ್ ಅಂಚೋಳೂ ನಾನೇ. ಎಲ್ರಿಗೂ ಕೊಟ್ಟಾದ್ಮೇಲೆ ನನ್ಕೈಲಿ ಒಂದು ಉಳಿಯಾಕಿಲ್ವಾ ಸಾ?”

ಮೂವತ್ತು ವರ್ಷ ಊರಿನವರ ಕಾಗದಗಳನ್ನು ಓದಿ ಹೇಳಿದವನು ನಾನು. ಅವಳ ಈ ಪ್ರಶ್ನೆಯನ್ನು ತಮ್ಮ ವಿಳಾಸಕ್ಕೇ ತಿರುಗಿಸುತ್ತಿದ್ದೇನೆ. ತಾವೇ ಹೇಳಿ.

ಪರೀಕ್ಷೆ ಮಾರ್ಚಿ ಇಪ್ಪತ್ತಕ್ಕೆ. ಹತ್ತನೇ ತಾರೀಖಿನೊಳಗೆ ಅವಳ ಹಾಲ್ ಟಿಕೆಟ್ ಕೊಳ್ಳೇಗಾಲದ ಅಂಚೆ ಕಚೇರಿ ತಲುಪಬೇಕು. ಕಾವಲಿನ ಆಜ್ಞೆ ರದ್ದಾಗಬೇಕು. ಎರಡನೇ ಕೊಠಡಿ ಕಾಯಲು ಆಗ ಜನವಿಲ್ಲವೆಂದರೆ ನನ್ನನ್ನು ನೇಮಿಸಿ, ಬರುತ್ತೇನೆ. ನಾನೂ 1956ಕ್ಕೆ ಮೊದಲು ಇಲ್ಲೇ ಹುಟ್ಟಿದವನು. ಆದರೆ ನಿಂತು ಕಾಯುವವರನ್ನು ತಾವು ಅದನ್ನೆಲ್ಲ ಕೇಳುವುದಿಲ್ಲವೆಂದು ಈಗ ತಿಳಿಯಿತು. ಕೂತು ಬರೆಯಲು ಅವಳಿಗೊಂದು ಜಾಗ ಕೊಡಿ.

ಇಂತಿ,
ತಮ್ಮ ಕಚೇರಿಯ ಅಕ್ಷರ ಬಿಡಿಸಿ ಓದಲು ಈ ವರ್ಷ ಹೊಸ ಕನ್ನಡಕ ಮಾಡಿಸಿಕೊಂಡ
ಮಹದೇವಯ್ಯ
ನಿವೃತ್ತ ಪೋಸ್ಟ್‌ಮಾಸ್ಟರ್, ಕೊಳ್ಳೇಗಾಲ
ಫೆಬ್ರವರಿ 1967