ಏಣಿ ಜಾರಿದ ದೃಶ್ಯ

ಸರ್ದಾರ್,

ಇವತ್ತು ಬೆಳಿಗ್ಗೆ ಮೊಮ್ಮಗಳು ಸಿಂಚನ ಫೋನಿನಲ್ಲಿ, ನಾನು ಒಮ್ಮೆಯೂ ನೋಡದಿದ್ದ ನಮ್ಮ ಸಿನಿಮಾ ಹಾಕಿದಳು. ಶ್ರೀರಂಗಪಟ್ಟಣದ ಕೋಟೆಯ ಹತ್ತಿರ ತೆಗೆದ ರಾಜರ ಕಾಲದ ಕತ್ತಿವರಸೆ ಸಿನಿಮಾ. ನಾವಿಬ್ಬರೂ ಪೆದ್ದ ಸೈನಿಕರಾಗಿದ್ದೆವಲ್ಲ, ಅದೇ.

ಏಣಿ ಹತ್ತುವಾಗ ನೀನು ಹಿಂದಿನಿಂದ ನನ್ನ ಪಂಚೆ ಎಳೆದೆ. ಪಂಚೆ ಬಿಚ್ಚಿ, ನಾನು ಕೆಸರಿನ ಗುಂಡಿಗೆ ಬಿದ್ದೆ. ಶೂಟಿಂಗ್ ನೋಡಲು ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಮಾನ ಕಳೆದು ನೀನು ಹೆಸರು ಮಾಡಲು ಹೊರಟೆ ಎಂದುಕೊಂಡೆ.

"ಏಣಿ ಜಾರ್ತು ಕಣ್ಲಾ, ನಿನ್ನ ಇಡ್ಕಳಕ್ಕೆ ಬಂದೆ" ಎಂದು ನೀನು ಆಣೆ ಇಟ್ಟೆ.

"ನಾಟ್ಕ ಆಡ್ಬ್ಯಾಡ ಕಣ್ಲಾ" ಎಂದ ನಾನು ಇಪ್ಪತ್ತೆರಡು ವರ್ಷ ಮಾತು ಬಿಟ್ಟೆ.

ಇವತ್ತು ಆ ದೃಶ್ಯವನ್ನು ಆರು ಸಲ ಹಾಕಿಸಿದೆ. ಮೊದಲು ಏಣಿ ಜಾರುತ್ತದೆ, ಆಮೇಲೆ ನಿನ್ನ ಕೈ ಬರುತ್ತದೆ. ಎಡಿಟಿಂಗಿನಲ್ಲಿ ಹಿಂದುಮುಂದಾಗಿ ಜೋಡಿಸಿರಬಹುದೆಂದು ಅನುಮಾನಪಟ್ಟು ಏಳನೆಯ ಸಲವೂ ನೋಡಿದೆ. ನನ್ನ ತಲೆ ಗುಂಡಿಯ ಪಕ್ಕದ ಕಲ್ಲಿಗೆ ಬಡಿಯದಂತೆ ನೀನು ನನ್ನನ್ನು ಕೆಸರಿನ ಕಡೆಗೆ ಎಳೆದಿದ್ದೀಯ.

"ಹಿಂದಿರೋರು ಯಾರು ತಾತ? ಈಗ ಎಲ್ಲವ್ರೆ?" ಎಂದಳು ಸಿಂಚನ.

"ನನ್ ಗೆಳೆಯ ಕಣವ್ವ. ಇಲ್ಲೇ ಪಾಂಡವಪುರದಲ್ಲೇ ಅವ್ನೆ" ಎಂದೆ.

ಹೋದ ವರ್ಷ ನಿನ್ನ ಜನಾಜಾ ಮಣ್ಣಿಗೆಂದು ನಮ್ಮ ಬೀದಿಯಲ್ಲೇ ಹೋದಾಗ ನಾನು ಕಿಟಕಿ ಮುಚ್ಚಿಕೊಂಡು ಕೂತಿದ್ದೆ.

ನಂಜುಂಡ